ತನ್ನ ಕೃತಿಗೆ ತಾನೇ ಸಾಕ್ಷಿ: ಫಿಲಿಪ್ ರಾಥ್ ಅವರ ಬಹಿರಂಗ ಪತ್ರ

ಮನುಷ್ಯನ ವಿಷಯದಲ್ಲಿ ಲೋಕ ಆಡುವ ಮಾತು ಒಂದು, ತನ್ನ ವಿಷಯದಲ್ಲಿ ಅವನೇ ಬಲ್ಲ ಸಂಗತಿ ಇನ್ನೊಂದು. ಇವೆರಡೂ ಹೊಂದಿಕೊಳ್ಳುವುದು ಅಪರೂಪ. ಹಿಂದೆ ಲೋಕದ ಮಾತು ಕಾಲಕ್ರಮದಲ್ಲಿ ತಾನಾಗಿಯೇ ಅಡಗುತ್ತಿತ್ತು. ಅಚ್ಚಾಗಿದ್ದರೂ ಹಳೆಯ ಸಂಚಿಕೆಯೊಡನೆ ಮರೆಯಾಗುತ್ತಿತ್ತು. ಇಂದು ಅಂತರಜಾಲದಲ್ಲಿ ಬರೆದದ್ದು ಅಲ್ಲಿಯೇ ನಿಲ್ಲುತ್ತದೆ; ಒಬ್ಬರ ಹೆಸರನ್ನು ಹುಡುಕಿದವರಿಗೆಲ್ಲ ಮೊದಲು ಅದೇ ಎದುರಾಗುತ್ತದೆ. ಆದುದರಿಂದ ತನ್ನ ಬಗ್ಗೆ ಬಂದ ತಪ್ಪನ್ನು ತಾನೇ ಬಹಿರಂಗವಾಗಿ ತಿದ್ದಿ ಬರೆಯುವುದು ಈಗ ಗದ್ಯದ ಒಂದು ಹೊಸ ಪ್ರಕಾರವೇ ಆಗಿದೆ. ಇಂತಹ ಬರಹಗಳಲ್ಲಿ ಪ್ರಸಿದ್ಧವಾದುದು ಅಮೆರಿಕದ ಕಾದಂಬರಿಕಾರ ಫಿಲಿಪ್ ರಾಥ್ ಅವರು 2012ರ ಸೆಪ್ಟೆಂಬರಿನಲ್ಲಿ ವಿಕಿಪೀಡಿಯ ವಿಶ್ವಕೋಶವನ್ನು ಉದ್ದೇಶಿಸಿ ಬರೆದ ಪತ್ರ. ಅದರ ಗುಣದೋಷಗಳನ್ನು ಇಲ್ಲಿ ವಿವೇಚಿಸಬಹುದು.

ರಾಥ್ ಅವರ 'ದಿ ಹ್ಯೂಮನ್ ಸ್ಟೇನ್' ಕಾದಂಬರಿ ಪ್ರಕಟವಾದದ್ದು 2000ದಲ್ಲಿ. ಅದರ ನಾಯಕ ಕೋಲ್ಮನ್ ಸಿಲ್ಕ್ ಒಂದು ಕಾಲೇಜಿನ ವೃದ್ಧ ಪ್ರಾಧ್ಯಾಪಕ. ತರಗತಿಗೆ ಒಂದು ದಿನವೂ ಬಾರದ ಇಬ್ಬರು ವಿದ್ಯಾರ್ಥಿಗಳನ್ನು ಕುರಿತು, ಇವರು ನಿಜವಾಗಿ ಇದ್ದಾರೆಯೇ ಅಥವಾ ಭೂತಗಳೇ ಎಂದು ಆತ ಕೇಳುತ್ತಾನೆ. ಆತ ಬಳಸಿದ 'ಸ್ಪೂಕ್ಸ್' ಎಂಬ ಶಬ್ದಕ್ಕೆ ಭೂತಗಳೆಂಬ ಅರ್ಥವಲ್ಲದೆ ಕರಿಯ ಜನರನ್ನು ಹಳಿಯುವ ಹೀನಾರ್ಥವೂ ಇದೆ. ಆ ಇಬ್ಬರೂ ಕರಿಯರೆಂದು ಅನಂತರ ತಿಳಿಯುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜನಾಂಗದ್ವೇಷಿಯೆಂಬ ಅಪವಾದ ಹೊತ್ತು ಸಿಲ್ಕ್ ಕಾಲೇಜನ್ನು ಬಿಡಬೇಕಾಗುತ್ತದೆ. ಆದರೆ ಆತನೂ ಕರಿಯರ ಕುಲದಲ್ಲಿಯೇ ಹುಟ್ಟಿ, ಅದನ್ನು ಮರೆಮಾಚಿ ಬಿಳಿಯನಾಗಿ ಬಾಳಿದವನೆಂಬುದು ಓದುಗನಿಗೆ ತಿಳಿಯುವ ಗುಟ್ಟು.

ಈ ಪಾತ್ರಕ್ಕೆ ಮೂಲ ಅನಾಟೋಲ್ ಬ್ರೊಯಾರ್ಡ್ ಎಂಬ ವಿಮರ್ಶಕರ ಬಾಳೆಂದು ಕೆಲವರು ಊಹಿಸಿದ್ದರು. ಬ್ರೊಯಾರ್ಡ್ ಅವರೂ ತಮ್ಮ ಕರಿಯ ಮೂಲವನ್ನು ಹೊರಗೆಡಹದೆ ಬಾಳಿ 1990ರಲ್ಲಿ ತೀರಿಕೊಂಡವರು. ವಿಕಿಪೀಡಿಯದಲ್ಲಿ ಈ ಊಹೆಗೆ ಸ್ಥಾನ ದೊರೆತಿತ್ತು. ಅದನ್ನು ತೆಗೆಯಬೇಕೆಂದು ರಾಥ್ ಅವರು ಕೇಳಿಕೊಂಡಾಗ ಬಂದ ಉತ್ತರವು ವಿಚಿತ್ರವಾಗಿತ್ತು: ಲೇಖಕನ ಮಾತೊಂದೇ ಸಾಲದು, ಅನ್ಯ ಆಧಾರ ಬೇಕು! ಆಗ ಅವರು 'ದಿ ನ್ಯೂಯಾರ್ಕರ್' ಪತ್ರಿಕೆಯ ಮೂಲಕ ತಮ್ಮ ಉತ್ತರವನ್ನು ಲೋಕದ ಮುಂದಿಟ್ಟರು.

ಪತ್ರದ ಮೊದಲ ಭಾಗ ಮೆಚ್ಚತಕ್ಕದ್ದು. ಅಲ್ಲಿ ಕೋಪವಿಲ್ಲ, ಸಾಕ್ಷ್ಯವಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ತಮ್ಮ ಸ್ನೇಹಿತ ಮೆಲ್ವಿನ್ ಟ್ಯೂಮಿನ್ ಅವರು 1985ರಲ್ಲಿ ತರಗತಿಯಲ್ಲಿ ಇದೇ ಶಬ್ದವನ್ನು ನುಡಿದು, ತಿಂಗಳುಗಟ್ಟಲೆ ವಿಚಾರಣೆಗೆ ಗುರಿಯಾಗಿ, ಕೊನೆಗೆ ನಿರ್ದೋಷಿಯೆನಿಸಿದ ಸಂಗತಿಯನ್ನು ಅವರು ವಿವರವಾಗಿ ನಿರೂಪಿಸುತ್ತಾರೆ. ವರ್ಷ, ಸ್ಥಳ, ಹೆಸರು ಎಲ್ಲವೂ ಅಲ್ಲಿವೆ. ಬೇಕಾದವರು ಪರೀಕ್ಷಿಸಿ ನೋಡಬಹುದು. ಬರೆಯುವಾಗ ತನ್ನ ಮನಸ್ಸಿನಲ್ಲಿ ಯಾರಿದ್ದರೆಂಬ ವಿಷಯದಲ್ಲಿ ಲೇಖಕನಿಗಿಂತ ಮಿಗಿಲಾದ ಸಾಕ್ಷಿ ಇನ್ನಾರಿದ್ದಾರೆ?

ಆದರೆ ಟ್ಯೂಮಿನ್ ಪ್ರಸಂಗವು ತೋರಿಸುವುದು ಕಾದಂಬರಿಯ ಬೀಜವನ್ನು ಮಾತ್ರ. ಟ್ಯೂಮಿನ್ ಅವರು ತಮ್ಮ ಹುಟ್ಟನ್ನು ಮರೆಮಾಚಿದವರಲ್ಲ. ಆ ಗುಟ್ಟಾದರೋ ಕಾದಂಬರಿಯ ಪ್ರಾಣವೇ ಆಗಿದೆ. ಬ್ರೊಯಾರ್ಡರೊಡನೆ ತಮಗಿದ್ದ ಪರಿಚಯ ಅತ್ಯಲ್ಪವೆಂದು ಸಾಧಿಸಲು ರಾಥ್ ಅವರು ಪತ್ರದ ಬಹುಭಾಗವನ್ನು ವ್ಯಯಿಸುತ್ತಾರೆ. ಅದು ನಿಜವಿರಬಹುದು. ಆದರೂ, ಅವರಿಂದ ನಾನು ಪಡೆಯಲಿಲ್ಲ ಎಂಬ ಮಾತು ಬೇರೆ. ಎರಡು ಬಾಳುಗಳಲ್ಲಿ ಓದುಗನಿಗೆ ಹೋಲಿಕೆ ಕಾಣಬಾರದು ಎಂಬ ಮಾತು ಬೇರೆ. ಮೊದಲನೆಯದು ಸಾಕ್ಷ್ಯ, ಎರಡನೆಯದು ಅಪ್ಪಣೆ. ತನ್ನ ಬೆನ್ನು ತನಗೆ ಕಾಣದೆಂಬ ಗಾದೆ ಕೃತಿಕಾರನಿಗೂ ಸಲ್ಲುತ್ತದೆ.

ಇನ್ನೊಂದು ಪ್ರಸಂಗವನ್ನು ಪಕ್ಕದಲ್ಲಿಟ್ಟರೆ ಈ ಭೇದವು ಸ್ಪಷ್ಟವಾದೀತು. 2005ರಲ್ಲಿ ಹಿರಿಯ ಪತ್ರಕರ್ತ ಜಾನ್ ಸೀಗೆನ್‌ಥಾಲರ್ ಅವರ ಹೆಸರಿನಲ್ಲಿ ಅದೇ ವಿಶ್ವಕೋಶದಲ್ಲಿ ಒಂದು ಘೋರವಾದ ಸುಳ್ಳು ಸೇರಿತ್ತು. ಕೆನಡಿ ಸಹೋದರರ ಕೊಲೆಗಳಲ್ಲಿ ಇವರ ಕೈವಾಡವಿತ್ತೆಂಬ ಸಂಶಯವಿತ್ತೆಂದು ಅದು ಹೇಳುತ್ತಿತ್ತು. ರಾಬರ್ಟ್ ಕೆನಡಿ ಅವರ ಸಹಾಯಕರಾಗಿ ದುಡಿದಿದ್ದ ಅವರು ಆ ವರ್ಷದ ನವೆಂಬರಿನಲ್ಲಿ 'ಯುಎಸ್‌ಎ ಟುಡೇ' ಪತ್ರಿಕೆಯಲ್ಲಿ ಲೇಖನ ಬರೆದು ಸುಳ್ಳನ್ನು ಬಯಲಿಗೆಳೆದರು. ಇಲ್ಲಿ ವ್ಯಾಖ್ಯಾನದ ಪ್ರಶ್ನೆಯೇ ಇರಲಿಲ್ಲ; ಇದ್ದದ್ದು ಶುದ್ಧ ಸುಳ್ಳು. ಹೊಸ ಲೇಖನವನ್ನು ಆರಂಭಿಸುವವರು ನೋಂದಾಯಿಸಿಕೊಳ್ಳಬೇಕೆಂದು ವಿಕಿಪೀಡಿಯವು ಮರುತಿಂಗಳಲ್ಲಿಯೇ ನಿಯಮ ಮಾಡಿತು. ಸುಳ್ಳನ್ನು ಬರೆದವನು ಸಿಕ್ಕಿಬಿದ್ದು ಕೆಲಸ ಬಿಟ್ಟಾಗ, ಅವನನ್ನು ಮತ್ತೆ ಸೇರಿಸಿಕೊಳ್ಳಿರೆಂದು ಯಜಮಾನನಿಗೆ ಹೇಳಿದವರೂ ಸೀಗೆನ್‌ಥಾಲರ್ ಅವರೇ. ತಪ್ಪನ್ನು ತಿದ್ದುವುದು ಬೇರೆ, ತಪ್ಪಿದವನನ್ನು ಕೆಡಿಸುವುದು ಬೇರೆ ಎಂಬ ವಿವೇಕ ಅಲ್ಲಿತ್ತು.

ಹಾಗಾದರೆ ರಾಥ್ ಅವರಿಗೆ ವಿಶ್ವಕೋಶದವರು ಕೊಟ್ಟ ಉತ್ತರ ಕೇವಲ ಮೂರ್ಖತನವೇ? ಅಲ್ಲ. ಪ್ರತಿಯೊಬ್ಬನ ಮಾತನ್ನೂ ಅವನ ವಿಷಯದಲ್ಲಿ ಹಾಗೆಯೇ ಒಪ್ಪಿದರೆ ಅಧಿಕಾರವುಳ್ಳವರೆಲ್ಲ ತಮ್ಮ ಚರಿತ್ರೆಯನ್ನು ತೊಳೆದುಕೊಂಡಾರು. ಆದರೆ ಮುದ್ರಿತವಾದ ಊಹೆಗೆ ಬೆಲೆ, ಜೀವಂತ ಸಾಕ್ಷಿಗೆ ಇಲ್ಲ ಎಂಬುದು ನಿಯಮದ ಕುರುಡು. ಪತ್ರಿಕೆಯ ಮೂಲಕ ಪ್ರಕಟವಾದ ಬಳಿಕ ಆ ಪತ್ರವೇ ಆಧಾರವಾಯಿತು. ವಿಮರ್ಶಕರ ಊಹೆಯೂ ಲೇಖಕರ ನಿರಾಕರಣೆಯೂ ಅಲ್ಲಿ ಜೊತೆಜೊತೆಗೆ ದಾಖಲಾದವು. ನ್ಯಾಯವಾದ ಮುಕ್ತಾಯವೆಂದರೆ ಅದೇ.

ಆಶ್ಚರ್ಯವೆಂದರೆ, ಪತ್ರ ಮರೆತದ್ದನ್ನು ಕಾದಂಬರಿ ಬಲ್ಲದು. ಕೋಲ್ಮನ್ ಸಿಲ್ಕ್ ಕೂಡ ತನ್ನ ನಿರಪರಾಧವನ್ನು ಸಾಧಿಸಲು 'ಸ್ಪೂಕ್ಸ್' ಎಂಬ ಪುಸ್ತಕವನ್ನೇ ಬರೆಯುತ್ತಾನೆ. ಬರೆದು ಮುಗಿಸಿ, ಇದು ಪ್ರಯೋಜನವಿಲ್ಲವೆಂದು ಕೈಬಿಡುತ್ತಾನೆ. ಅವನು ಹೇಳಬೇಕಾಗಿದ್ದ ಒಂದೇ ಒಂದು ಸತ್ಯವನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದನು. ತನ್ನ ಬಗ್ಗೆ ತಿದ್ದುಪಡಿ ಬರೆಯಹೊರಟವರು ಮನನ ಮಾಡಬೇಕಾದ ಪ್ರಸಂಗವಿದು. ನಮಗೆ ಅನುಕೂಲವಾದ ಸತ್ಯಗಳನ್ನು ಎಷ್ಟು ಪುಟ ಬರೆದರೂ, ಮುಚ್ಚಿಟ್ಟ ಒಂದು ಸತ್ಯ ಅವನ್ನೆಲ್ಲ ಹಗುರಮಾಡುತ್ತದೆ. ಬಲ್ಲುದನ್ನು ಹೆಸರು ಹಾಕಿ ಪೂರ್ಣವಾಗಿ ಹೇಳಬೇಕು; ಹೇಳಿದ ಮೇಲೆ ತೀರ್ಪನ್ನು ಲೋಕಕ್ಕೆ ಬಿಡಬೇಕು. 2018ರಲ್ಲಿ ರಾಥ್ ಅವರು ತೀರಿಕೊಂಡರು. ಅವರ ಪತ್ರ ಉಳಿದಿದೆ, ಅವರು ಅಲ್ಲಗಳೆದ ಊಹೆಯೂ ಉಳಿದಿದೆ. ಎರಡನ್ನೂ ಓದಿ ತೂಗಿ ನೋಡುವ ಭಾರ ಸಹೃದಯರದು.