ಕೋನ್‌ಸೆಟ್ಟು ಮತ್ತು ಒಂದು ಕೈ

ಆಗುಂಬೆ ಘಾಟಿಯ 14 ತಿರುವುಗಳಲ್ಲೂ ನನ್ನ ಹಳೇ ಬೈಕು ಹಟ ಹಿಡಿಯುತ್ತಿತ್ತು. ಹ್ಯಾಂಡಲ್ ನೇರಕ್ಕೆ ಬಂದೊಡನೆ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ತೀರ್ಥಹಳ್ಳಿಯ ಮೆಕ್ಯಾನಿಕ್ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗಿಸುವ ಗುಂಡಿನ ಬೇರಿಂಗ್, ಬಿಚ್ಚಿ, ಗ್ರೀಸು ಒರೆಸಿ, ಬಟ್ಟಲನ್ನು ಬೆಳಕಿಗೆ ಹಿಡಿದರು. ಹೊಂಡಬಿದ್ದ ರಸ್ತೆಗಳ ಏಟಿಗೆ ಒಂದೊಂದು ಗುಂಡೂ ಉಕ್ಕಿನಲ್ಲಿ ತನ್ನದೇ ಕುಳಿ ಮಾಡಿಕೊಂಡಿತ್ತು. ಗುಂಡು ತಾಗುವುದು ಚುಕ್ಕೆಯಷ್ಟು ಜಾಗಕ್ಕೆ. ಅವರು ಹಾಕಿದ್ದು ಟೇಪರ್ ರೋಲರ್ ಬೇರಿಂಗ್. ಅದು ಗೆರೆಯುದ್ದಕ್ಕೂ ತಾಗುತ್ತದೆ, ಭಾರ ಹಂಚಿಹೋಗುತ್ತದೆ.

ಬೇರಿಂಗಿಗಿಂತ ನನಗೆ ಇಷ್ಟವಾದದ್ದು ಬಿಗಿ ನೋಡುವ ಆ ಕೈ. ಮುಂದಿನ ಚಕ್ರ ನೆಲದಿಂದೆತ್ತಿ, ಫೋರ್ಕಿನ ಬುಡ ಹಿಡಿದು ಹಿಂದೆಮುಂದೆ ಅಲುಗಿಸಿದರು, ಸದ್ದಿಲ್ಲ. ಹ್ಯಾಂಡಲನ್ನು ಬೆರಳಿಂದ ಮೆಲ್ಲಗೆ ತಾಕಿದರು. ತನ್ನ ಭಾರಕ್ಕೆ ತಾನೇ ಬದಿಗೆ ವಾಲಿತು. ನಟ್ಟು ಕೂದಲೆಳೆ ಹೆಚ್ಚು ಬಿಗಿದಿದ್ದರೂ ವಾಲುತ್ತಿರಲಿಲ್ಲ.

ಅದೇ ಸಂಜೆ ಮತ್ತೆ ಘಾಟಿ ಇಳಿದೆ. ಕಣ್ಣು ಹಾಯಿಸಿದತ್ತ ಬೈಕು ಹೊರಳಿತು.