ನಿಂತ ಜಗ, ತೂಗಿದ ಗೋಡೆ: ಕ್ಷೇತ್ರಕಾರ್ಯದ ವಿಡಿಯೊದಲ್ಲಿ ನಡುಕ ಮತ್ತು ಪಾಠಶುದ್ಧಿ

ಸ್ಕ್ರೀನ್ ಎಲ್ಲರಿಗೂ ಕಾಣ್ತಾ ಇದೆ ಅಂದ್ಕೊಳ್ತೇನೆ. ಇದು ಗಡಹಿಂಗ್ಲಜ ತಾಲೂಕಿನ ಹಲಕರ್ಣಿಯಲ್ಲಿ ನಾನು ಮೊಬೈಲಿನಲ್ಲಿ ಹಿಡಿದ ಚೌಡಿಕೆ ಪದದ ವಿಡಿಯೊ. ಮೊದಲ ಕ್ಲಿಪ್ ತುಂಬಾ ನಡುಗ್ತದೆ. ಎರಡನೆಯದು ಸಾಫ್ಟ್‌ವೇರಿನಲ್ಲಿ ಸರಿಮಾಡಿದ್ದು. ಕಳೆದ ಸೆಮಿಸ್ಟರಿನ ಪ್ರಬಂಧಕ್ಕೆ ಇದನ್ನೇ ಆಧಾರ ಮಾಡಿಕೊಂಡಿದ್ದೆ. ಆ ತಪ್ಪನ್ನೇ ಇವತ್ತು ವಿಮರ್ಶೆಗೆ ತಗೊಂಡಿದ್ದೇನೆ.

ಗೋಡೆ ನೋಡ್ರಿ. ಮೂಲದಲ್ಲಿ ಎಲ್ಲಮ್ಮನ ಜಗ ಹೊತ್ತವರು ತೂಗಾಡುತ್ತಿದ್ದಾರೆ. ಸರಿಮಾಡಿದ ಕ್ಲಿಪ್ಪಿನಲ್ಲಿ ಅವರು ಕಂಬದ ಹಾಗೆ ನಿಂತಿದ್ದಾರೆ, ಹಿಂದಿನ ಗೋಡೆ ತೂಗ್ತಾ ಇದೆ! ಸಾಫ್ಟ್‌ವೇರ್ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಚಿತ್ರದೊಳಗಿನ ಬಿಂದುಗಳು ಎಷ್ಟು ಸರಿದವು ಎಂದು ಅಳೆಯುತ್ತದೆ; ಬಹುಪಾಲು ಬಿಂದುಗಳು ಒಟ್ಟಿಗೆ ಸರಿದರೆ ಅದನ್ನು ಕೈನಡುಕ ಎಂದು ಬಗೆದು ಚಿತ್ರವನ್ನು ಎದುರುದಿಕ್ಕಿಗೆ ಸರಿಸುತ್ತದೆ. ನಾನು ತೀರ ಹತ್ತಿರ ನಿಂತಿದ್ದೆ. ಸೀರೆ, ಜಗ ಫ್ರೇಮನ್ನೆಲ್ಲ ತುಂಬಿದ್ದವು. ಸುಣ್ಣದ ಗೋಡೆಯಲ್ಲಿ ಹಿಡಿಯಲು ಬಿಂದುಗಳೇ ಕಡಿಮೆ. ಹೀಗಾಗಿ ಯಂತ್ರ ಕುಣಿತವನ್ನೇ ದೋಷವೆಂದು ಓದಿತು.

ಗ್ರಂಥಸಂಪಾದನೆಯ ತರಗತಿಯಲ್ಲಿ ಲಿಪಿಕಾರನ ತಪ್ಪು ಯಾವುದು, ಕವಿಯ ಪ್ರಯೋಗ ಯಾವುದು ಎಂದು ತಲೆ ಕೆಡಿಸಿಕೊಳ್ಳುವ ನಾವು ವಿಡಿಯೊಗೆ ಬಂದರೆ ಒಂದು ಬಟನ್ ಒತ್ತಿ ಸುಮ್ಮನಾಗ್ತೇವೆ. 1977ರ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಅಂಥ ಕೆಲಸದಲ್ಲಿ ಸಾಮಾನ್ಯವಾಗಿ ಫಿಲ್ಮ್ ಕುಗ್ಗಿ, ಅಂಚಿನ ರಂಧ್ರಗಳು ಸವೆದು ಬಂದ ಓಲಾಟವನ್ನು ತೆಗೀತಾರೆ; ಛಾಯಾಗ್ರಾಹಕ ಬೇಕೆಂದೇ ಸರಿಸಿದ ಕ್ಯಾಮೆರಾವನ್ನಲ್ಲ. ಮೊದಲನೆಯದು ಪ್ರತಿಯ ದೋಷ, ಎರಡನೆಯದು ಪಾಠ.

ನನ್ನನ್ನು ಹೆಚ್ಚು ಕಾಡಿದ್ದು ಅಂಚು. ಚಿತ್ರ ಸರಿಸಿದಾಗ ಖಾಲಿ ಬೀಳುವ ಅಂಚನ್ನು ಮುಚ್ಚಲು ಸಾಫ್ಟ್‌ವೇರ್ ಚಿತ್ರವನ್ನು ಹಿಗ್ಗಿಸಿ ಸುತ್ತಲೂ ಕತ್ತರಿಸುತ್ತದೆ. ಕತ್ತರಿಸಿಹೋದವರು ಯಾರು? ಬಲಬದಿಯಲ್ಲಿ ನಿಂತು ಮರಾಠಿಯಲ್ಲಿ ಸೊಲ್ಲು ಎತ್ತಿಕೊಡುತ್ತಿದ್ದ ಅಜ್ಜಿ. ಆ ದನಿಯನ್ನು ನಾನು ‘ನೆರೆದವರ ಗದ್ದಲ’ ಎಂದು ಬರೆದು ಮುಗಿಸಿದ್ದೆ. ಪ್ರಬಂಧದ ವಿಷಯ ಗಡಿಭಾಗದ ಹಾಡು, ನೆನಪಿರಲಿ.

ಈ ಸಲ ಜಗ ಹೊತ್ತವರ ಮೇಲೆ ಮಾಸ್ಕ್ ಹಾಕಿ ಲೆಕ್ಕದಿಂದ ಹೊರಗಿಟ್ಟೆ. ಬಾಗಿಲ ಚೌಕಟ್ಟನ್ನೂ ಗೋಡೆಯ ಗೂಟವನ್ನೂ ಸ್ಥಿರಬಿಂದುಗಳಾಗಿ ಹಿಡಿದೆ. ಅಂಚು ಕತ್ತರಿಸದೆ ಕಪ್ಪಾಗಿಯೇ ಬಿಟ್ಟೆ. ನೋಡಲು ಚೆಂದ ಇಲ್ಲ, ಇರಲಿ. ಕೈ ಅಲುಗಿ ಮಸುಕಾದ ಫ್ರೇಮುಗಳಿಗೆ ಇದರಿಂದ ಮದ್ದಿಲ್ಲ, ಅವು ಮಸುಕಾಗಿಯೇ ಉಳೀತಾವೆ. ಜನ ನುಗ್ಗಿ ನನ್ನನ್ನು ತಳ್ಳಿದ ಕಡೆಯ ನಡುಕವನ್ನು ಬೇಕಂತಲೇ ತೆಗೆದಿಲ್ಲ. ಪದದ ಗತಿ ಏರೋದು ಅಲ್ಲೇ.

ಮೂಲ ಫೈಲನ್ನೂ ವಿಭಾಗದ ಫೋಲ್ಡರಿನಲ್ಲಿ ಹಾಕಿದ್ದೇನೆ. ಅಜ್ಜಿಯ ಮೂರನೆಯ ಸೊಲ್ಲು ನನಗಿನ್ನೂ ಸ್ಪಷ್ಟವಾಗಿಲ್ಲ; ಮರಾಠಿ ಬಲ್ಲವರು ಒಮ್ಮೆ ಕೇಳಿ ಹೇಳ್ರಿ.