ಯೋಗದ ಮ್ಯಾಟು: ದಪ್ಪಕ್ಕಿಂತ ಹಿಡಿತ ಮುಖ್ಯ

ಯೋಗಾಭ್ಯಾಸದ ಹಾಸು ಮೆತ್ತಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಮಾರುವವರಲ್ಲೂ ಕೊಳ್ಳುವವರಲ್ಲೂ ಗಟ್ಟಿಯಾಗಿ ಬೇರೂರಿದೆ. ಆದರೆ ಹಾಸಿನ ಮೊದಲ ಕೆಲಸ ಕೈಕಾಲುಗಳು ಜಾರದಂತೆ ನೋಡಿಕೊಳ್ಳುವುದೇ ಹೊರತು ದೇಹಕ್ಕೆ ಹಾಸಿಗೆಯಾಗುವುದಲ್ಲ. 10 ಮಿ.ಮೀ. ದಪ್ಪದ ಮೆತ್ತನೆಯ ಮ್ಯಾಟಿನ ಮೇಲೆ ವೃಕ್ಷಾಸನದಲ್ಲಿ ಒಂಟಿಕಾಲಿನಲ್ಲಿ ನಿಂತವರ ಪಾದ ಸಮತೋಲವನ್ನು ಅರಸುತ್ತ ಒಂದೇ ಸಮನೆ ಅದುರುವುದಕ್ಕೂ, ಅಧೋಮುಖ ಶ್ವಾನಾಸನದಲ್ಲಿ ಅಂಗೈಯ ಬುಡ ಹಾಸಿನೊಳಗೆ ಕುಸಿದು ಮಣಿಕಟ್ಟು ಅಗತ್ಯಕ್ಕಿಂತ ಹೆಚ್ಚು ಬಾಗುವುದಕ್ಕೂ ಆ ಮೆತ್ತನೆಯ ಗುಣವೇ ಕಾರಣ.

ಭಗವದ್ಗೀತೆಯ ಆರನೆಯ ಅಧ್ಯಾಯ ದರ್ಭೆ, ಜಿಂಕೆಯ ಚರ್ಮ ಮತ್ತು ಬಟ್ಟೆಗಳ ಆಸನವನ್ನು ಹೇಳುತ್ತದೆ. ಅದು ಧ್ಯಾನಕ್ಕಾಗಿ ಅಲುಗಾಡದೆ ಕುಳಿತವರ ಪೀಠವಾದುದರಿಂದ ಅಲ್ಲಿ ಜಾರುವ ಪ್ರಶ್ನೆಯೇ ಏಳುವುದಿಲ್ಲ. ನಿಂತು, ನೆಗೆದು, ಬಾಗಿ ಮಾಡುವ ಆಸನಗಳ ಸರಣಿಗಳು 1930ರ ದಶಕದಲ್ಲಿ, ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದ ಕಾಲದಲ್ಲಿ ಪ್ರಾಧಾನ್ಯ ಪಡೆದ ಬಳಿಕವೇ ಹಾಸಿನ ಹಿಡಿತ ಒಂದು ಸಮಸ್ಯೆಯಾಯಿತೆನ್ನಬಹುದು. ಅದಕ್ಕೆ ರಬ್ಬರಿನಂಥ ಪರಿಹಾರ ದೊರೆತದ್ದು ಯುರೋಪಿನಲ್ಲಿ. ಬಿ.ಕೆ.ಎಸ್. ಅಯ್ಯಂಗಾರ್ ಅವರ ಬಳಿ ಕಲಿತ ಏಂಜಲಾ ಫಾರ್ಮರ್ ಅವರಿಗೆ ಶಸ್ತ್ರಚಿಕಿತ್ಸೆಯೊಂದರ ಫಲವಾಗಿ ಕೈಕಾಲುಗಳು ಬೆವರುತ್ತಿರಲಿಲ್ಲ, ಒಣ ಚರ್ಮ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. 1960ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಪಾಠ ಹೇಳುತ್ತಿದ್ದಾಗ ಅವರು ರತ್ನಗಂಬಳಿ ಸರಿಯದಿರಲೆಂದು ಅದರಡಿಗೆ ಹಾಸುವ ತೆಳು ಪದರವನ್ನು ಕತ್ತರಿಸಿ ಬಳಸತೊಡಗಿದರು. ಇಂದಿನ ಅಂಟುವ ಮ್ಯಾಟುಗಳ ಮೂಲ ಆ ಪದರದಲ್ಲಿದೆ.

ಈ ಅಂಟುಗುಣಕ್ಕೂ ಒಂದು ಮಿತಿಯುಂಟು. ತ್ರಿಕೋನಾಸನದಲ್ಲಿ ಅಗಲಿಸಿದ ಕಾಲುಗಳು ಹೊರಕ್ಕೆ ಸರಿಯದಂತೆ ತೊಡೆಯ ಒಳಸ್ನಾಯುಗಳು ಹಿಡಿದಿಟ್ಟುಕೊಳ್ಳಬೇಕು. ಹಾಸು ವಿಪರೀತವಾಗಿ ಕಚ್ಚಿಕೊಂಡರೆ ಆ ಕೆಲಸವನ್ನು ಅದೇ ಮಾಡಿ, ಸ್ನಾಯು ಸುಮ್ಮನಿರುತ್ತದೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಪದ್ಧತಿಯ ಅಭ್ಯಾಸಿಗಳಲ್ಲಿ ತೆಳು ಮ್ಯಾಟಿನ ಮೇಲೆ ಹತ್ತಿಯ ಜಮಖಾನ ಹಾಸುವ ರೂಢಿ ಇರುವುದು ಈ ದೃಷ್ಟಿಯಿಂದ ವಿವೇಕದ್ದಾಗಿ ಕಾಣುತ್ತದೆ: ಹತ್ತಿ ಬೆವರನ್ನು ಹೀರುತ್ತದೆ, ತೇವಗೊಂಡಷ್ಟೂ ಹಿಡಿತ ಹೆಚ್ಚಿಸಿಕೊಳ್ಳುತ್ತದೆ, ಒಣಗಿದ್ದಾಗ ಜಾರಿದರೆ ಕೈಯೂರುವ ಕಡೆ ಒಂದಿಷ್ಟು ನೀರು ಚಿಮುಕಿಸಿದರೆ ಸಾಕು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನವಲಗುಂದದ ಚಿತ್ತಾರದ ಜಮಖಾನವನ್ನು ಇದಕ್ಕೆ ಬಳಸುವುದು ಕಲೆಗೆ ಮಾಡುವ ಅನ್ಯಾಯ. ನಿತ್ಯ ಒಗೆಯಬಹುದಾದ ಸಾದಾ ಜಮಖಾನವೇ ಸೂಕ್ತ.

ಮ್ಯಾಟಿನ ವಸ್ತುಗಳಲ್ಲಿ ಪಿವಿಸಿ ಎಂಬ ಪ್ಲಾಸ್ಟಿಕ್ ಅಗ್ಗ, ಬಾಳಿಕೆಯೂ ಹೆಚ್ಚು. ಆದರೆ ಅದನ್ನು ಮೆದುವಾಗಿಸಲು ಥ್ಯಾಲೇಟ್ ಎಂಬ ರಾಸಾಯನಿಕಗಳನ್ನು ಬೆರೆಸುವುದುಂಟಾದುದರಿಂದ ಅವು ಇಲ್ಲದ ಸರಕನ್ನು ಕೇಳಿ ಕೊಳ್ಳಬೇಕು. ಸಹಜ ರಬ್ಬರ್ ತೂಕದ್ದು, ಆರಂಭದಲ್ಲಿ ವಾಸನೆಯದ್ದು, ಲೇಟೆಕ್ಸ್ ಅಲರ್ಜಿ ಇರುವವರಿಗೆ ನಿಷಿದ್ಧ. ಹಾಗಿದ್ದರೂ ಹಿಡಿತದಲ್ಲಿ ಅದಕ್ಕೆ ಸಾಟಿ ಕಡಿಮೆ. ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಭೇದವಿದೆ: ಮೇಲ್ಮೈಯ ಸೂಕ್ಷ್ಮ ರಂಧ್ರಗಳು ತೆರೆದಿದ್ದರೆ ಹಾಸು ಬೆವರನ್ನು ಹೀರಿಕೊಂಡು ಜಾರದೆ ಉಳಿಯುತ್ತದೆ, ಆದರೆ ಕೊಳೆಯನ್ನೂ ಒಳಗೆಳೆದುಕೊಳ್ಳುತ್ತದೆ, ಮುಚ್ಚಿದ್ದರೆ ಒರೆಸಲು ಸುಲಭ, ಬೆವರಿದ ಕೈಗೆ ಮಾತ್ರ ಜಾರು. ದಪ್ಪ 4ರಿಂದ 5 ಮಿ.ಮೀ. ಇದ್ದರೆ ಸಾಕು, ಮಂಡಿ ನೋಯುವವರು ಮಂಡಿಯ ಕೆಳಗಷ್ಟೇ ಮಡಿಸಿದ ಕಂಬಳಿ ಇಟ್ಟುಕೊಳ್ಳುವುದು ಇಡೀ ಹಾಸನ್ನು ದಪ್ಪಗೊಳಿಸುವುದಕ್ಕಿಂತ ಮೇಲು. ಸಾಮಾನ್ಯ ಮ್ಯಾಟಿನ ಉದ್ದ ಸುಮಾರು 173 ಸೆಂ.ಮೀ., ಅಗಲ 61 ಸೆಂ.ಮೀ.; ಶವಾಸನದಲ್ಲಿ ತಲೆಯೋ ಹಿಮ್ಮಡಿಯೋ ಹೊರಗುಳಿಯುವಷ್ಟು ಎತ್ತರದವರು 183 ಸೆಂ.ಮೀ. ಇಲ್ಲವೇ ಇನ್ನೂ ಉದ್ದದ್ದನ್ನು ಆರಿಸಬೇಕು.

ಪಾಲನೆಯ ವಿಷಯದಲ್ಲಿ ಕನ್ನಡನಾಡಿನ ಅಭ್ಯಾಸಿಗಳಿಗೆ ಹೇಳಲೇಬೇಕಾದ ಮಾತೊಂದಿದೆ: ತಲೆಗೂ ಮೈಗೂ ಎಣ್ಣೆ ಹಚ್ಚಿಕೊಂಡ ದಿನ ರಬ್ಬರಿನ ಮ್ಯಾಟನ್ನು ಮುಟ್ಟಬಾರದು, ಏಕೆಂದರೆ ಸಹಜ ರಬ್ಬರ್ ಎಣ್ಣೆಯನ್ನು ಹೀರಿ ಉಬ್ಬುತ್ತದೆ, ಕ್ರಮೇಣ ಬಲಗುಂದುತ್ತದೆ. ಬಿಸಿಲು ಕ್ರಿಮಿಗಳನ್ನು ಕೊಲ್ಲುತ್ತದೆಂದು ಮಹಡಿಯ ಮೇಲೆ ಒಣಹಾಕುವುದೂ ತಪ್ಪು. ಬಿಸಿಲು ರಬ್ಬರನ್ನು ಒರಟಾಗಿಸಿ ಬಿರುಕು ಬಿಡಿಸುತ್ತದೆ. ಅಭ್ಯಾಸದ ಬಳಿಕ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಗಾಗ್ಗೆ ಆ ನೀರಿಗೆ ಕೆಲವೇ ಹನಿ ಸೌಮ್ಯ ಸೋಪಿನ ದ್ರಾವಣ ಬೆರೆಸಿ, ನೆರಳಿನಲ್ಲಿ ಗಾಳಿಗೆ ಆರಿಸಿದರಾಯಿತು. ಮಲೆನಾಡಿನ ಮಳೆಗಾಲದಲ್ಲಿ ಪೂರ್ತಿ ಆರುವ ಮೊದಲೇ ಸುತ್ತಿಟ್ಟ ಮ್ಯಾಟಿಗೆ ಬೂಷ್ಟು ಹಿಡಿಯದಿರುವುದು ಅಪರೂಪ. ಸುತ್ತುವಾಗ ಅಭ್ಯಾಸದ ಬದಿ ಹೊರಗೆ ಬರುವಂತೆ ಸುತ್ತಿದರೆ ಮತ್ತೆ ಬಿಡಿಸಿದಾಗ ಅಂಚುಗಳು ಮೇಲೇಳುವುದಿಲ್ಲ. ತಲೆಯ ತುದಿಯನ್ನೂ ಕಾಲಿನ ತುದಿಯನ್ನೂ ಆಗೀಗ ಅದಲುಬದಲು ಮಾಡುತ್ತಿದ್ದರೆ ಸವೆತ ಒಂದೇ ಕಡೆ ಬೀಳುವುದಿಲ್ಲ.

ಕೈಯೂರುವ ಜಾಗದಲ್ಲಿ ಪುಡಿ ಉದುರತೊಡಗಿದ ಮ್ಯಾಟಿನ ಅಭ್ಯಾಸದ ಆಯುಸ್ಸು ಮುಗಿಯಿತು. ಸವೆಯದ ಭಾಗವನ್ನು ಕತ್ತರಿಸಿ ಮಂಡಿಯ ಒತ್ತಾಗಿ ಇಟ್ಟುಕೊಳ್ಳಬಹುದು, ಆದರೆ ಉಳಿದುದನ್ನು ಕಸದೊಡನೆ ಸುಡುವುದು ಮಾತ್ರ ಕೂಡದು. ಪಿವಿಸಿ ಉರಿದಾಗ ಕಣ್ಣನ್ನೂ ಶ್ವಾಸನಾಳವನ್ನೂ ಕೆರಳಿಸುವ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲೀಯ ಅನಿಲ ಹೊರಬರುತ್ತದೆ.